ಸಾವಿರದ ನೂರಾ ನಲವತ್ತು ಸುತ್ತು

ಖಾನಾಪುರದ ಆ ಪುಟ್ಟ ಮನೆಯ ಪಡಸಾಲೆಯಲ್ಲಿ ಬೆಳಗಿನ ಐದೂವರೆಗೇ ಕಟ್ ಕಟ್ ಎಂಬ ಸದ್ದು ಶುರುವಾಗುತ್ತದೆ. ಫಜರ್ ನಮಾಜು ಮುಗಿಸಿದ ಸುಗರಾ ತಗ್ಗಾದ ಮೇಜಿನ ಮುಂದೆ ಚಾಪೆ ಹಾಸಿ ಕೂತಿದ್ದಾರೆ. ಬಲಗೈ ವೈಂಡಿಂಗ್ ಯಂತ್ರದ ಹಿಡಿಕೆ ತಿರುಗಿಸುತ್ತಿದೆ. ಎಡಗೈಯ ಎರಡು ಬೆರಳ ನಡುವೆ ತಲೆಗೂದಲಿನಷ್ಟು ಸಣ್ಣ ತಾಮ್ರದ ತಂತಿ ಜಾರುತ್ತಿದೆ. ತುಟಿಗಳು ಮಾತ್ರ ಅಲುಗುತ್ತವೆ, ದನಿ ಹೊರಡುವುದಿಲ್ಲ. ನೂರು ಸುತ್ತು ತುಂಬಿದೊಡನೆ ಒಂದು ಹುಣಸೆ ಬೀಜ ಬಟ್ಟಲಿಗೆ ಬೀಳುತ್ತದೆ. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ಅವರಿಂದ ಉತ್ತರವಿಲ್ಲ.

“ಎಂಟಾತಂದ್ರ ಓಣ್ಯಾಗ ಗಾಡಿ, ಮಂದಿ ಗದ್ದಲ ಶುರು ಆಗ್ತೈತ್ರಿ. ಆಮ್ಯಾಲ ಲೆಕ್ಕ ಹಿಡಿಯಾಕ ಆಗೂದಿಲ್ಲ. ಯಂತ್ರದಾಗ ಮೀಟರ್ ಐತಿ, ಖರೇ. ಹಳೇದದು, ನಡುನಡುವ ಹಲ್ಲು ಜಾರತೈತಿ. ಅದಕ ನಾನೂ ಎಣಸ್ತೀನಿ,” ಎನ್ನುತ್ತಾರೆ ಒಂದು ಸುರುಳಿ ಮುಗಿಸಿ ಬೆರಳಿನ ಲಟಿಕೆ ಮುರಿಯುತ್ತ.

ಹೀಗೆ ಸುತ್ತಿದ ಸುರುಳಿ ಫ್ಯಾನಿಗೂ ಅಲ್ಲ, ಮಿಕ್ಸರಿಗೂ ಅಲ್ಲ. ಅದು ಹೋಗುವುದು ಬೆಳಗಾವಿಯ ಹಿಂದವಾಡಿಗೆ, ಶಶಿಧರ ಅವರ ಕಾರ್ಯಾಗಾರಕ್ಕೆ. ಅರವತ್ತು ವರ್ಷದ ಹಿಂದೆ ಹಾಡು ಮುದ್ರಿಸುವ ಸ್ಟುಡಿಯೋಗಳಲ್ಲಿ ಈಕ್ವಲೈಜರ್ ಎಂಬ ಭಾರೀ ಕಬ್ಬಿಣದ ಪೆಟ್ಟಿಗೆ ಇರುತ್ತಿತ್ತು. ಅದರ ಗುಂಡಿ ತಿರುವಿದರೆ ತಬಲಾದ ಗುಂಗು ಏರುತ್ತಿತ್ತು, ಹಾಡುವವರ ದನಿಯ ಕರ್ಕಶ ಇಳಿಯುತ್ತಿತ್ತು. ಈಗ ಅದೇ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಆದರೂ ಕೆಲವು ಸ್ಟುಡಿಯೋಗಳಿಗೆ ಆ ಹಳೆಯ ಪೆಟ್ಟಿಗೆಯ ನಾದವೇ ಬೇಕು. ಉಳಿದಿರುವ ಮೂಲ ಪೆಟ್ಟಿಗೆಗಳು ಬೆರಳೆಣಿಕೆಯಷ್ಟು. ಹಾಗಾಗಿ ಶಶಿಧರ ಅವನ್ನು ಹಳೆಯ ರೀತಿಯಲ್ಲೇ ಹೊಸದಾಗಿ ಕಟ್ಟುತ್ತಾರೆ. ಯಾವ ಸ್ವರ ಏರಬೇಕು, ಯಾವುದು ಇಳಿಯಬೇಕು ಎಂಬುದು ಒಳಗಿನ ಸುರುಳಿಯ ಮೇಲೆ ನಿಂತಿದೆ. ಒಂದು ಸುರುಳಿಗೆ ಸಾವಿರದ ನೂರಾ ನಲವತ್ತು ಸುತ್ತು. ನಡುವೆ ಐದು ಕಡೆ ತಂತಿಯ ಕುಣಿಕೆ ಹೊರಗೆಳೆಯಬೇಕು. ದಿನಕ್ಕೆ ನಾಲ್ಕು ಸುರುಳಿ ಆದರೆ ಸುಗರಾ ಅವರಿಗೆ ಅದು ಒಳ್ಳೆಯ ದಿನ.

ಐವತ್ತನಾಲ್ಕರ ಸುಗರಾ ಕಲಿತದ್ದು ಉರ್ದು ಸಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ. ಹತ್ತೊಂಬತ್ತಕ್ಕೆ ಮದುವೆಯಾಗಿ ಖಾನಾಪುರಕ್ಕೆ ಬಂದರು. ಗಂಡ ಗನಿ ಅವರದು ಪಂಪ್‌ಸೆಟ್ ಮೋಟರು ರಿವೈಂಡಿಂಗ್ ಅಂಗಡಿ. ಗದ್ದೆಯಿಂದ ಸುಟ್ಟುಬಂದ ಮೋಟರಿನ ಕರಿ ತಂತಿ ಕೀಳುವುದರಿಂದ ಶುರುವಾದ ಸುಗರಾ ಅವರ ಕೆಲಸ, ವರ್ಷ ಎರಡಾಗುವಷ್ಟರಲ್ಲಿ ಸುತ್ತುವವರೆಗೂ ಬಂತು. ಹನ್ನೆರಡು ವರ್ಷದ ಹಿಂದೆ ಲಕ್ವಾ ಹೊಡೆದು ಗನಿಯವರ ಬಲಗೈ ಬಿದ್ದುಹೋಯಿತು. ಅಂಗಡಿ ಮುಚ್ಚಿತು, ಯಂತ್ರ ಪಡಸಾಲೆಗೆ ಬಂತು. ಸುಗರಾ ಟೇಬಲ್ ಫ್ಯಾನಿನ ಸುರುಳಿ ಸುತ್ತುತ್ತ ಮನೆ ನಡೆಸಿದರು.

ಶಶಿಧರ ಸುಗರಾ ಅವರನ್ನು ಹುಡುಕಿಕೊಂಡು ಬಂದದ್ದು ಆರು ವರ್ಷದ ಹಿಂದೆ. ಬೆಳಗಾವಿಯಲ್ಲಿ ಮೂವರು ವೈಂಡರುಗಳ ಕೈಯಲ್ಲಿ ಆ ಸಣ್ಣ ತಂತಿ ಹರಿದಿತ್ತು. “ನನ್ನ ಕೈಯಾಗೂ ಹರೀತ್ರಿ. ಮೊದಲನೇ ದಿನ ಹನ್ನೊಂದ ಸಲ. ಹನ್ನೆರಡನೇದಕ್ಕ ನಿಂತತು,” ಎಂದು ಸುಗರಾ ನಗುತ್ತಾರೆ. ಅಂದಿನಿಂದ ಮಂಗಳವಾರ, ಶನಿವಾರ ಬೆಳಗಾವಿ ಬಸ್ಸು. ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಹಾಸಿ, ಸುರುಳಿಗಳನ್ನಿಟ್ಟು, ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡು ಹೋಗುತ್ತಾರೆ.

ಈ ವರ್ಷ ಹೋಳಿ ಕಳೆದ ವಾರದಲ್ಲಿ ಒದಗಿದ ಪ್ರಸಂಗವನ್ನು ಅವರು ಈಗ ನಿರಾಳವಾಗಿ ಹೇಳುತ್ತಾರೆ. ಹನ್ನೆರಡು ಪೆಟ್ಟಿಗೆಗೆ ಇಪ್ಪತ್ನಾಲ್ಕು ಸುರುಳಿ ಕೊಟ್ಟು ಬಂದಿದ್ದರು. ಕಾರ್ಯಾಗಾರದಲ್ಲಿ ಎಲ್ಲವನ್ನೂ ಅಳೆದು ನೋಡುವವರು ಸಮೃದ್ಧಿ. ಎಲೆಕ್ಟ್ರಾನಿಕ್ಸ್ ಓದಿದ ಶಿಸ್ತಿನ ಹೆಣ್ಣುಮಗಳು. ಸುರುಳಿಯ ನಡುವೆ ನಿಕ್ಕಲ್ ಬೆರೆತ ತೆಳು ತಗಡುಗಳನ್ನು ಜೋಡಿಸಿ ಮೀಟರಿಗೆ ಹಚ್ಚಿದರೆ ಇಪ್ಪತ್ನಾಲ್ಕೂ ಇರಬೇಕಾದ್ದಕ್ಕಿಂತ ಕಡಿಮೆ ತೋರಿಸಿದವು. ಪೆಟ್ಟಿಗೆ ಮಂಕಾಗಿ ನುಡಿಯಿತು.

ಶನಿವಾರ ಬಂದ ಸುಗರಾಗೆ ಶಶಿಧರ ಕುರ್ಚಿ ಎಳೆದು ಕೊಟ್ಟರು. “ಕುಂದರ್ರಿ ಸುಗರಾಬಿ. ಸುತ್ತು ಕಡಿಮಿ ಬಿದ್ದಾವ ಅನಸ್ತೈತಿ. ನಿಮಗ ದಣಿವಾಗಿರಬೇಕು. ಸ್ವಲ್ಪ ದಿವಸ ಆರಾಮ ತಗೋರಿ. ಪುಣೆಯಿಂದ ಒಂದ ಆಟೋಮ್ಯಾಟಿಕ್ ಮಷೀನ್ ತರಸೂಣು ಅಂತ ಮಾಡೀನಿ.”

“ಬೈದಿದ್ರ ಬೈಸಕೊಂಡು ಬರ್ತಿದ್ನಿರಿ,” ಎನ್ನುತ್ತಾರೆ ಸುಗರಾ. “ಅಷ್ಟು ಸಮಾಧಾನದಿಂದ ಹೇಳಿದ್ರಲ್ಲ, ಅದ ತಡಕೊಳ್ಳಾಕ ಆಗಲಿಲ್ಲ.”

ಊರಿಗೆ ಬಂದರೂ ಯಂತ್ರದ ಕಡೆ ನೋಡಲಿಲ್ಲ. ಚಷ್ಮಾ ಬದಲಿಸದೆ ಎರಡು ವರ್ಷವಾಗಿತ್ತು. ಸೂಜಿಗೆ ದಾರ ಪೋಣಿಸಲು ಮೂರು ಮೂರು ಸಲ ಆಗುತ್ತಿತ್ತು. ಯಂತ್ರದ ಮೀಟರಿನ ಜೊತೆ ತನ್ನ ಎಣಿಕೆಯೂ ಜಾರಿತೇ? ಇಪ್ಪತ್ನಾಲ್ಕರಲ್ಲೂ? ಎರಡು ದಿನ ಇದೇ ಯೋಚನೆ. ಗಂಡನ ಕೈ ಬಿದ್ದುಹೋದಂತೆ ತನ್ನದೂ ಹೋಯಿತೇನೋ ಎಂದು ಬೆರಳುಗಳನ್ನು ಬಿಚ್ಚಿ ಮಡಚಿ ನೋಡಿಕೊಂಡರು. ಸೋಮವಾರ ಸಂಜೆ ಗನಿ ತಮ್ಮ ಮನೆಮಾತು ದಖನಿಯಲ್ಲಿ ಎರಡೇ ಮಾತು ಹೇಳಿದರು: ಸುತ್ತಿದ್ದನ್ನು ಬಿಚ್ಚಿದರೆ ಲೆಕ್ಕ ತಾನೇ ಹೊರಗೆ ಬರುತ್ತದೆ, ಇಲ್ಲಿ ಕೂತು ಅಳಬೇಡ, ಅವರೆದುರು ಬಿಚ್ಚು.

ಮರುದಿನ ಮೊದಲ ಬಸ್ಸಿಗೇ ಸುಗರಾ ಹಿಂದವಾಡಿ ಮುಟ್ಟಿದರು. “ಒಂದ ಸುರುಳಿ ಕೊಡ್ರಿ, ನೀವ ಆರಿಸಿ ಕೊಡ್ರಿ,” ಎಂದರು. ಸಮೃದ್ಧಿ ಡಬ್ಬಿಯ ತಳದಿಂದ ಒಂದನ್ನು ತೆಗೆದು ಕೊಟ್ಟರು. ಸುಗರಾ ಬಿಚ್ಚುತ್ತ ದನಿ ತೆಗೆದು ಎಣಿಸಿದರು. ಹತ್ತಕ್ಕೊಂದು ಗೀಟು ಸಮೃದ್ಧಿಯ ಹಾಳೆಯ ಮೇಲೆ ಬಿತ್ತು. ಮುನ್ನೂರು ದಾಟಿದ ಮೇಲೆ ಶಶಿಧರ ಫೋನು ಬಂದ್ ಮಾಡಿ ಬಾಜುಕ್ಕೆ ಬಂದು ನಿಂತರು. ಎಂಟುನೂರಾದಾಗ ಸುಗರಾ ಅವರ ಗಂಟಲು ಒಣಗಿತು. ಚಹಾ ಮುಂದಿಟ್ಟರೂ ಮುಟ್ಟಲಿಲ್ಲ. ಸಾವಿರದ ನೂರಾ ಮೂವತ್ತೊಂಬತ್ತು. ತಂತಿ ಸುತ್ತಿದ್ದ ಬಾಬಿನ್ನಿನ ಮೇಲೆ ಇನ್ನೊಂದೇ ಸುತ್ತು. ನಲವತ್ತು.

“ಇನ್ನೊಂದು ಕೊಡ್ರಿ,” ಎಂದರು ಸುಗರಾ. ಅದೂ ಸಾವಿರದ ನೂರಾ ನಲವತ್ತೇ.

ಆಗ ಸಮೃದ್ಧಿಗೆ ಹೊಳೆಯಿತು. ಹಿಂದಿನ ವರ್ಷದ ಸುರುಳಿಯೊಂದರಿಂದ ತಗಡು ಬಿಡಿಸಿ ಈ ಸಲದ ಸುರುಳಿಗೆ ತೊಡಿಸಿದರು. ಮೀಟರ್ ಎಷ್ಟು ತೋರಿಸಬೇಕೋ ಅಷ್ಟೇ ತೋರಿಸಿತು. ಈ ಸಲ ತಗಡು ಬಂದ ರಟ್ಟಿನ ಡಬ್ಬಿ ಹುಡುಕಿದರೆ ಅದರ ಒಂದು ಮೂಲೆ ನೆಗ್ಗಿತ್ತು, ಒಳಗಿನ ತಗಡುಗಳು ಸಣ್ಣಗೆ ಬಾಗಿದ್ದವು. ಕುಲುಮೆಯಲ್ಲಿ ಕಾಯಿಸಿ ಹದಗೊಳಿಸಿದ ಈ ತಗಡು ಪೆಟ್ಟು ತಿಂದರೆ ಅದರ ಕಾಂತಗುಣ ಇಳಿದುಹೋಗುತ್ತದೆ. ದಾರಿಯಲ್ಲೆಲ್ಲೋ ಡಬ್ಬಿ ಎತ್ತರದಿಂದ ಬಿದ್ದಿರಬೇಕು. ಅದನ್ನು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

“ತಪ್ಪಾತ್ರಿ ಸುಗರಾಬಿ. ಮೊದಲ ತಗಡ ನೋಡಬೇಕಿತ್ತು, ನಿಮ್ಮ ಕೈ ನೋಡಿದ್ವಿ,” ಎಂದರು ಶಶಿಧರ.

ಸುಗರಾ ಸೆರಗಿನಿಂದ ಮುಖ ಒರೆಸಿಕೊಂಡು, “ಚಾ ಆರೇತಿ. ಬಿಸಿ ಮಾಡಿ ಕೊಡ್ರಿ,” ಎಂದರಂತೆ. ಆಮೇಲೆ ಗನಿಗೆ ಫೋನು ಹಚ್ಚಿದರು. ಆ ಕಡೆಯಿಂದ ಏನು ಕೇಳಿಸಿತು ಎಂದು ಕೇಳಿದರೆ, “ಏನೂ ಇಲ್ರಿ. ಉಸಿರು ಬಿಟ್ಟದ್ದಷ್ಟ ಕೇಳಸ್ತು,” ಎನ್ನುತ್ತಾರೆ.

ಹೊಸ ತಗಡು ಬರಲು ಹದಿನೆಂಟು ದಿನ ಹಿಡಿಯಿತು. ಇಪ್ಪತ್ತೆರಡು ಸುರುಳಿ ಹಾಗೆಯೇ ಬಳಕೆಯಾದವು. ಬಿಚ್ಚಿದ ಎರಡನ್ನು ಮಾತ್ರ ಹೊಸ ಚಷ್ಮಾ ಹಾಕಿಕೊಂಡು ಮತ್ತೆ ಸುತ್ತಿದರು. ಪೆಟ್ಟಿಗೆಗಳನ್ನು ಕಳಿಸುವ ಮುನ್ನ ಶಶಿಧರ ಒಂದಕ್ಕೆ ಹೆಡ್‌ಫೋನ್ ಸಿಕ್ಕಿಸಿ ಅವರ ಕಿವಿಗಿಟ್ಟರು. ಯಾರೋ ಹೆಣ್ಣುಮಗಳು ಹಾಡುತ್ತಿದ್ದಳು. ಗುಂಡಿ ತಿರುವಿದಂತೆ ದನಿ ಎದುರಿಗೇ ಬಂದು ಕೂತಂತಾಯಿತು. “ಆಕೀ ಉಸಿರು ಎಳಕೊಂಡಿದ್ದೂ ಕೇಳತಿತ್ತು. ಅಷ್ಟ ವರ್ಷ ಸುತ್ತೀನಿ, ಒಳಗ ಏನ ಆಗತೈತಿ ಅಂತ ಅವತ್ತ ಗೊತ್ತಾತು.”

ಪುಣೆಯ ಯಂತ್ರದ ಮಾತು ಈಗ ಹಿಂದವಾಡಿಯಲ್ಲಿ ಯಾರೂ ಎತ್ತುವುದಿಲ್ಲ. ಬೇರೇನು ಬೇಕು ಎಂದು ಕೇಳಿದರೆ ಸುಗರಾ, ಬೆನ್ನಿಗೆ ಆನಿಕೆ ಇರುವ ಒಂದು ಗಿಡ್ಡ ಕುರ್ಚಿ ಸಿಕ್ಕರೆ ಸಾಕು ಎನ್ನುತ್ತಾರೆ. ಚಾಪೆಯ ಮೇಲೆ ಸೊಂಟ ಹಿಡಿಯುತ್ತದೆ. ಅಷ್ಟರಲ್ಲಿ ಸಮೃದ್ಧಿಯ ಫೋನು ಬರುತ್ತದೆ. ಬರುವ ತಿಂಗಳಿಗೆ ಎಷ್ಟು ಸುರುಳಿ ಬರೆದುಕೊಳ್ಳಲಿ ಎಂದು ಆಕೆ ಕೇಳುತ್ತಿದ್ದಾರೆ.

“ನಲವತ್ತೆಂಟು ಬರಕೋರಿ,” ಎನ್ನುತ್ತಾರೆ ಸುಗರಾ, ತಂತಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತ. “ಎಣಿಸೂದು ನನಗ ಬಿಡ್ರಿ.”