ಎರಡು ಗುಂಡಿ ಒಟ್ಟಿಗೆ

ಕೋವಿಡ್ ಮುಗಿದ ಎರಡನೇ ವರ್ಷ. ತುಮಕೂರಿನ ಒಂದು ಟಿ.ವಿ. ಸರ್ವಿಸ್ ಸೆಂಟರಿನಲ್ಲಿ ಬಹಳ ಕಾಲ ಟೆಕ್ನೀಷಿಯನ್ ಆಗಿದ್ದ ನಾನು ಆ ಕೆಲಸ ಬಿಟ್ಟು ಉಪ್ಪಾರಹಳ್ಳಿಯಲ್ಲಿ ಸ್ವಂತ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಹೆಂಗಸೊಬ್ಬಳು ಸೋಲ್ಡರಿಂಗ್ ಐರನ್ ಹಿಡಿದು ಕೂತಿರುವುದನ್ನು ನೋಡಲೆಂದೇ ಬಂದ ಕೆಲವರು ಆಮೇಲೆ ಗಿರಾಕಿಗಳಾದರು. ಮಿಕ್ಸಿ, ಇನ್ವರ್ಟರ್, ಎಲ್‌ಇಡಿ ಟಿ.ವಿ. ನನ್ನ ಹೊಟ್ಟೆಪಾಡು. ಹಳೆಯ ವಿಡಿಯೋ ಗೇಮ್ ಕನ್ಸೋಲ್‌ಗಳು ನನ್ನ ಚಪಲ. ಅವನ್ನು ಬಿಚ್ಚಿ ನೋಡುವವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲವಾದ್ದರಿಂದ ಗುಬ್ಬಿ, ಕುಣಿಗಲ್ ಕಡೆಯಿಂದಲೂ ಒಂದೊಂದು ಬರುತ್ತಿತ್ತು.

ಗಂಗಾಧರ ಅಂಥದ್ದೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದ. ಅವನ ಊರು ಗುಬ್ಬಿ, ಮನೆ ನಮ್ಮ ಅಂಗಡಿಯ ಹಿಂದಿನ ಬೀದಿಯಲ್ಲಿ. ವಸಂತನರಸಾಪುರದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ಆಪರೇಟರ್. ಅಂದರೆ ತಗಡನ್ನು ಅಚ್ಚಿನ ಮೇಲಿಟ್ಟು, ಮೇಲಿನಿಂದ ಇಳಿಯುವ ಉಕ್ಕಿನ ತಲೆಯಿಂದ ಒತ್ತಿಸಿ ಬಿಡಿಭಾಗ ತೆಗೆಯುವ ಕೆಲಸ. ವಯಸ್ಸು ನಲವತ್ತು ದಾಟಿರಲಿಲ್ಲ. ಅವನ ಹೆಂಡತಿ ಶೈಲಜಾಳ ತವರು ಕುಣಿಗಲ್. ಅಲ್ಲಿ ವಿಡಿಯೋ ಗೇಮ್ ಅಂಗಡಿಯೊಂದು ಬಾಗಿಲು ಹಾಕುವಾಗ ಇವನು ಒಂದು ಹದಿನಾರು ಬಿಟ್ಟಿನ ಕನ್ಸೋಲನ್ನೂ ಒಂದು ಗುದ್ದಾಟದ ಕ್ಯಾಸೆಟ್ಟನ್ನೂ ಎತ್ತಿಕೊಂಡು ಬಂದಿದ್ದ. ಹುಡುಗನಾಗಿದ್ದಾಗ ಅದೇ ಆಟದಲ್ಲಿ ಗುಬ್ಬಿಯಲ್ಲಿ ಯಾರೂ ತನ್ನನ್ನು ಸೋಲಿಸಿರಲಿಲ್ಲ ಎಂದು ಮೊದಲ ದಿನವೇ ಹೇಳಿದ.

"ಅಕ್ಕ, ಇದು ಮೋಸ ಮಾಡ್ತೈತೆ. ಎರಡು ಗುಂಡಿ ಒಟ್ಟಿಗೆ ಒತ್ತಿದ್ರೂ ಒಂದೇ ಒತ್ತಿದೀಯ ಅಂತೈತೆ," ಅನ್ನುವುದು ಅವನ ದೂರು.

ಮೋಸದ ಮಾತು ಪೂರ್ತಿ ಸುಳ್ಳಲ್ಲ. ಆ ಆಟದಷ್ಟು ಸಿಡುಕಿನ ಆಟವನ್ನು ನಾನು ಇನ್ನೊಂದು ನೋಡಿಲ್ಲ. ಪ್ಯಾಡಿನಲ್ಲಿ ಎಡ ಹೆಬ್ಬೆರಳಿಗೆ ದಿಕ್ಕಿನ ಗುಂಡಿ, ಬಲ ಹೆಬ್ಬೆರಳಿಗೆ ಹೊಡೆಯುವ ಗುಂಡಿಗಳು, ಮೇಲಂಚಿನಲ್ಲಿ ಎರಡು ತೋರುಬೆರಳಿಗೂ ಒಂದೊಂದು ಗುಂಡಿ. ಮೇಲಿನ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮಹಾಪೆಟ್ಟು ಬೀಳುತ್ತದೆ. ಒಟ್ಟಿಗೆ ಎಂದರೆ ಒಟ್ಟಿಗೇ. ಕಣ್ಣು ಮಿಟುಕಿಸುವುದರೊಳಗೆ ಯಂತ್ರ ಎಷ್ಟೋ ಸಲ ಪ್ಯಾಡನ್ನು ವಿಚಾರಿಸುತ್ತದೆ. ಆ ಕಾಲದ ಬೇರೆ ಆಟಗಳು ಒಂದು ಬೆರಳು ಚೂರು ಹಿಂದೆ ಬಿದ್ದರೆ ಹೋಗಲಿ ಬಿಡು ಎನ್ನುತ್ತಿದ್ದವು. ಇದು ಬಿಡುವುದಿಲ್ಲ. ಮಹಾಪೆಟ್ಟಿನ ಬದಲು ನಮ್ಮ ಪೈಲ್ವಾನ್ ಗಾಳಿಗೆ ಒಂದು ಸಣ್ಣ ಗುದ್ದು ಕೊಟ್ಟು ಸುಮ್ಮನೆ ನಿಲ್ಲುತ್ತಾನೆ, ಎದುರಿನವನು ಎತ್ತಿ ಬಿಸಾಡುತ್ತಾನೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಇಬ್ಬರೂ ಒಟ್ಟಿಗೆ ನೆಗೆದರೆ ಚಿತ್ರ ತೆವಳುತ್ತದೆ, ಸದ್ದು ಅಡಗುತ್ತದೆ. ಮೂಲೆಗೆ ಬಿದ್ದವನನ್ನು ಮೇಲೇಳಲು ಬಿಡದೆ ಹೊಡೆಯುತ್ತಲೇ ಇರಬಹುದು. ಸುತ್ತಿಗೆ ಹಿಡಿದ ಕೊನೆಯ ಶತ್ರುವಂತೂ ನಾವು ಗುಂಡಿ ಒತ್ತಿದ ಕ್ಷಣವೇ ಅದಕ್ಕೆ ತಕ್ಕ ಉತ್ತರ ಕೊಡುತ್ತಾನೆ. ಆಟ ಬರೆದವರು ನಮ್ಮ ಬೆರಳನ್ನು ಅವನಿಗೆ ಮೊದಲೇ ತೋರಿಸಿಬಿಟ್ಟಿದ್ದಾರೆ. ಅವನ ಕೈಲಿ ಸೋತರೆ ಮೊದಲಿನಿಂದ ಶುರು, ಏಕೆಂದರೆ ಗೆದ್ದಷ್ಟನ್ನು ಉಳಿಸಿಡುವ ವ್ಯವಸ್ಥೆಯೇ ಇಲ್ಲ. ಇಂಥದ್ದನ್ನು ಮಾಡಿದವರಿಗೆ ಮಕ್ಕಳ ಮೇಲೆ ಏನು ಸಿಟ್ಟಿತ್ತೋ ಕಾಣೆ.

ಹಾಗಾಗಿ ಗಂಗಾಧರನ ದೂರನ್ನು ನಂಬುವುದು ಸುಲಭವಾಯಿತು. ಮೊದಲ ಸಲ ಪ್ಯಾಡಿನೊಳಗಿನ ರಬ್ಬರ್ ಹಾಳೆ ಬದಲಾಯಿಸಿದೆ. ಗುಂಡಿ ಒತ್ತಿದಾಗ ಕರೆಂಟ್ ಹರಿಯಲು ಬಿಡುವುದು ಆ ರಬ್ಬರಿನ ಕೆಳಗಿರುವ ಕಪ್ಪು ಚುಕ್ಕೆ, ಅದು ಸವೆಯುವುದು ಸಹಜ. ಕೆಲವು ವಾರದ ಮೇಲೆ ಮತ್ತೆ ಬಂದ. ಹೊಸ ಟಿ.ವಿ.ಗಳು ಹಳೆಯ ಕನ್ಸೋಲಿನ ಚಿತ್ರವನ್ನು ತಮಗೆ ಬೇಕಾದಂತೆ ತಿದ್ದಿಕೊಂಡು ತೋರಿಸುವುದರಿಂದ ಆಟ ತಡವಾದಂತೆ ಕಾಣುತ್ತದೆ. ಅದಕ್ಕೆ ನನ್ನಲ್ಲಿದ್ದ ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ.ಯನ್ನೇ ಕೊಟ್ಟು ಕಳಿಸಿದೆ. ಅದನ್ನು ಹೊರುವಾಗ ಅವನ ಎಡಗಾಲಿನ ಚಪ್ಪಲಿ ಮೆಟ್ಟಿಲ ಮೇಲೆ ಕಳಚಿಕೊಂಡಿತು. "ಈ ಚಪ್ಪಲೀನೂ ಸರಿ ಇಲ್ಲ ಕಣಕ್ಕ, ಹೊಸದು, ಆದ್ರೂ ನಿಲ್ಲಲ್ಲ," ಎಂದ.

ಮೂರನೆಯ ಸಲ ಬಂದದ್ದು ಒಂದು ಶನಿವಾರ ಮಧ್ಯಾಹ್ನ, ಸೆಕೆಂಡ್ ಶಿಫ್ಟಿಗೆ ಹೋಗುವ ದಾರಿಯಲ್ಲಿ, ಕನ್ಸೋಲಿನ ಅದೇ ಚೀಲ ಹಿಡಿದು. ಜೊತೆಗೆ ಶೈಲಜಾ ಇದ್ದಳು. ಟೀ ತರಿಸಿದೆ. ಗಂಗಾಧರ ಲೋಟವನ್ನು ಎಡಗೈಗೆ ತೆಗೆದುಕೊಂಡು, ಮತ್ತೆ ಬಲಗೈಗೆ ಬದಲಾಯಿಸಿ, ಲೋಟ ಜಾರುತ್ತದೆ ಎಂದು ಗೊಣಗಿದ. ಅಂಗಿಯ ಗುಂಡಿ ಒಂದು ತೂತು ತಪ್ಪಿತ್ತು. ಶೈಲಜಾ ನನ್ನ ಎದುರಿಗೇ ಅದನ್ನು ಬಿಚ್ಚಿ ಸರಿಯಾಗಿ ಹಾಕಿದಳು.

"ದಿನಾ ಇದೇ ಆಯ್ತಕ್ಕ. ಗುಂಡಿ ತೂತು ಚಿಕ್ಕದು, ಚಪ್ಪಲಿ ದೊಡ್ಡದು, ಗೇಮು ಮೋಸ. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದು ನಕ್ಕಳು. "ಅದೇ ಗೇಮಲ್ಲಿ ನಾನು ಗೆಲ್ತೀನಿ. ಅದುಕ್ಕೇ ಉರಿ ಇವ್ರಿಗೆ."

ನಾನು ನಗಲಿಲ್ಲ. ಅವಳ ಮಾತಿನಲ್ಲಿ ಒಂದು ಸಂಗತಿ ನನ್ನನ್ನು ಚುಚ್ಚಿತು. ಅದೇ ಪ್ಯಾಡು, ಅದೇ ಆಟ, ಅವಳಿಗೆ ಮಹಾಪೆಟ್ಟು ಬರುತ್ತದೆ.

ಪ್ಯಾಡನ್ನು ಬಿಚ್ಚಿ ಮೇಲಿನ ಎರಡು ಗುಂಡಿಗಳಿಗೂ ಒಂದೊಂದು ಸಣ್ಣ ಎಲ್‌ಇಡಿ ದೀಪ ಜೋಡಿಸಿದೆ. ಗುಂಡಿ ತಗುಲಿದ ಕೂಡಲೇ ದೀಪ ಹತ್ತಬೇಕು. ನಾನು ಒತ್ತಿದೆ, ಎರಡೂ ಒಟ್ಟಿಗೆ ಹತ್ತಿದವು. ಶೈಲಜಾ ಒತ್ತಿದಳು, ಒಟ್ಟಿಗೇ ಹತ್ತಿದವು. ಗಂಗಾಧರ ಒತ್ತಿದಾಗ ಬಲದ ದೀಪ ಹತ್ತಿತು, ಆಮೇಲೆ ಎಡದ್ದು. ಬರಿಗಣ್ಣಿಗೇ ಕಾಣುವಷ್ಟು ಆಮೇಲೆ. ಇನ್ನೊಮ್ಮೆ ಒತ್ತಿದಾಗ ಎಡದ ದೀಪ ಮಿನುಗಿ ಆರಿಹೋಯಿತು.

"ನೋಡಿದ್ರಾ? ಎಡಗಡೆ ಗುಂಡಿ ಸರಿ ಇಲ್ಲ," ಎಂದ, ಗೆದ್ದವನ ದನಿಯಲ್ಲಿ.

ನಮ್ಮ ಕಸುಬಿನಲ್ಲಿ ಇಂಥದ್ದಕ್ಕೆ ಒಂದೇ ಪರೀಕ್ಷೆ. ಅನುಮಾನ ಬಂದ ಎರಡು ಭಾಗಗಳನ್ನು ಅದಲುಬದಲು ಮಾಡಬೇಕು. ದೋಷ ಯಾವುದರ ಜೊತೆ ಹೋಗುತ್ತದೋ ಅದು ಅದರದ್ದೇ. ಗಂಗಾಧರನ ಕೈಗಳನ್ನು ಕತ್ತರಿಯಂತೆ ಒಂದರ ಮೇಲೊಂದು ಅಡ್ಡ ಇಡಿಸಿದೆ, ಎಡಗುಂಡಿಯ ಮೇಲೆ ಬಲಗೈ ಬೆರಳು, ಬಲಗುಂಡಿಯ ಮೇಲೆ ಎಡಗೈ ಬೆರಳು. ಒತ್ತು ಎಂದೆ. ಈ ಸಲ ಎಡದ ದೀಪ ತಕ್ಷಣ ಹತ್ತಿತು, ಬಲದ್ದು ತಡವಾಯಿತು. ಮತ್ತೆ ಒತ್ತಿಸಿದೆ, ಹಾಗೆಯೇ ಆಯಿತು. ದೋಷ ಪ್ಯಾಡನ್ನು ಬಿಟ್ಟು ಅವನ ಕೈಯ ಜೊತೆ ಹೋಗಿತ್ತು. ಅಲ್ಲಿಯವರೆಗೆ ನಗುತ್ತಿದ್ದ ಶೈಲಜಾ ಅವನ ಎಡಗೈಯನ್ನೇ ನೋಡುತ್ತ ನಿಂತಳು.

"ಗಂಗಾಧರ, ನಿಮ್ಮ ಪ್ರೆಸ್ಸಲ್ಲೂ ಎರಡು ಗುಂಡಿ ಒಟ್ಟಿಗೆ ಒತ್ತಬೇಕಲ್ವಾ?" ಎಂದು ಕೇಳಿದೆ. ಪವರ್ ಪ್ರೆಸ್ಸಿಗೆ ಎರಡು ಗುಂಡಿ ಇಟ್ಟಿರುವುದು ಆಪರೇಟರನ ಎರಡು ಕೈಗಳೂ ಗುಂಡಿಯ ಮೇಲೇ ಇರಲಿ, ಅಚ್ಚಿನೊಳಗೆ ಒಂದೂ ಇರದಿರಲಿ ಎಂದು. ಒಂದು ಕೈ ಸಡಿಲವಾದರೂ ಪ್ರೆಸ್ ಇಳಿಯುವುದಿಲ್ಲ.

"ಊಂ. ಅದೂ ಹಿಂಗೇ ಕೈ ಕೊಡ್ತಿತ್ತು. ಎಡಗಡೆ ಒತ್ತಿದ್ರೆ ಹಿಡೀತಿರ್ಲಿಲ್ಲ, ಪ್ರೆಸ್ಸು ನಿಂತು ನಿಂತು ಹೋಗದು. ಈಗ ಸರಿ ಮಾಡ್ಕಂಡಿದೀನಿ ಬುಡಿ."

"ಹೆಂಗೆ ಸರಿ ಮಾಡ್ಕೊಂಡೆ?"

"ಸೈಕಲ್ ಟ್ಯೂಬಿನ ರಬ್ಬರ್ ಸಿಗಿಸಿ ಎಡಗಡೆ ಗುಂಡಿ ಒತ್ತೇ ಇರೋ ಹಂಗೆ ಮಾಡಿದೀನಿ. ಬಲಗೈ ಒಂದ್ರಲ್ಲೇ ಹೊಡೀಬೋದು. ಎಡಗೈ ಖಾಲಿ ಇರ್ತದಲ್ಲ, ಒಳಗಿಂದ ಪೀಸ್ ಎತ್ತಾಕೆ ಅನುಕೂಲ."

ಹೇಳಿದ್ದನ್ನು ಕೇಳದ ಅದೇ ಕೈ, ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಉಕ್ಕಿನ ತಲೆಯ ಕೆಳಗೆ ಹೋಗಿ ಬರುತ್ತಿತ್ತು.

ಇವತ್ತು ಕೆಲಸಕ್ಕೆ ಹೋಗಬೇಡ ಎಂದೆ. ಅವನು ರೇಗಿದ. "ಕೈ ಸರಿ ಇಲ್ಲ ಅಂತ ಬಾಯಿ ಬಿಟ್ರೆ ನಾಳೆಯಿಂದ ಬರ್ಬ್ಯಾಡ ಅಂತಾರೆ. ನಾವು ಕಾಂಟ್ರಾಕ್ಟು. ಗೇಮ್ ನೋಡಿ ಕೆಲಸ ಬುಡಕ್ಕಾಯ್ತದಾ?" ಎಂದು ಬೈಕಿನ ಕೀ ಹಿಡಿದು ಎದ್ದ.

ವಾದ ಮಾಡಿದರೆ ಹೋಗಿಬಿಡುತ್ತಾನೆ ಎನಿಸಿತು. ಒಂದೇ ಒಂದು ಆಟ ಆಡಿ ಹೋಗು ಎಂದು ಪ್ಯಾಡ್ ಮುಚ್ಚಿ ಕೈಗಿತ್ತೆ. ಕೊನೆಯ ಶತ್ರುವನ್ನಲ್ಲ, ಮೊದಲನೆಯವನನ್ನು ಆರಿಸಿದೆ. ಅವನು ಕೈಯನ್ನು ನಿಧಾನವಾಗಿ ತಲೆಯ ಮೇಲೆತ್ತಿ, ಆಮೇಲೆ ಇಳಿಸುವವನು. ಈ ಆಟ ಯಾರಿಗಾದರೂ ಕರುಣೆ ತೋರಿಸುವುದಿದ್ದರೆ ಅದು ಅಲ್ಲಿ ಮಾತ್ರ. ಎಡ ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತಿದರೆ ಮಕ್ಕಳೂ ತಪ್ಪಿಸಿಕೊಳ್ಳುತ್ತಾರೆ. "ಹೊಡೀಬೇಡ. ಅವನು ಕೈ ಎತ್ತಿದ ಕೂಡ್ಲೇ ಹಿಂದಕ್ಕೆ ಸರಿ, ಅಷ್ಟೇ," ಎಂದೆ.

ಕೈ ಮೇಲೆದ್ದಿತು, ಇಳಿಯಿತು. ಗಂಗಾಧರನ ಪೈಲ್ವಾನ್ ನಿಂತಲ್ಲೇ ಏಟು ತಿಂದ. ಮತ್ತೆ ಎದ್ದಿತು, ಇಳಿಯಿತು. ಅವನು ಹಲ್ಲು ಕಚ್ಚಿ, ಮುಂದಕ್ಕೆ ಬಾಗಿ, ಪರದೆಯನ್ನೇ ನುಂಗುವಂತೆ ನೋಡುತ್ತಿದ್ದ. ಕಣ್ಣು ಕಾಣುತ್ತಿತ್ತು, ಮನಸ್ಸಿಗೆ ಗೊತ್ತಿತ್ತು, ಹೆಬ್ಬೆರಳು ಮಾತ್ರ ಏಟು ಬಿದ್ದ ಮೇಲೆ ಅಲುಗುತ್ತಿತ್ತು. ಅವನ ಬೊಂಬೆ ನೆಲಕ್ಕೆ ಬಿತ್ತು. ಆಡಲು ಕೂತಾಗ ಅವನು ಮೇಜಿನ ಮೇಲಿಟ್ಟಿದ್ದ ಬೈಕಿನ ಕೀಯನ್ನು ಶೈಲಜಾ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿದಳು.

ಗಂಗಾಧರ ತನ್ನ ಕೈ ನೋಡಿಕೊಂಡ. ಆಮೇಲೆ ಥಟ್ಟನೆ ತಲೆಯೆತ್ತಿ, "ಅಕ್ಕ, ನಾನು ಹೋಗ್ದಿದ್ರೆ ಆ ಪ್ರೆಸ್ ಮೇಲೆ ಇನ್ಯಾರನ್ನೋ ಕೂರುಸ್ತಾರೆ. ರಬ್ಬರ್ ಅಲ್ಲೇ ಐತೆ," ಎಂದ. ನನಗೆ ಅದು ಹೊಳೆದೇ ಇರಲಿಲ್ಲ. ಶೆಡ್ಡಿಗೆ ಫೋನ್ ಮಾಡಿದರೆ ಗುಂಡಿ ಕೆಡಿಸಿದ್ದನ್ನು ತಾನೇ ಒಪ್ಪಿಕೊಂಡಂತೆ, ಕೆಲಸ ಹೋದಂತೆ. ಅದು ಗೊತ್ತಿದ್ದೂ ಫೋನ್ ಮಾಡಿದ. ಶೈಲಜಾ ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದಳು.

"ಸಾರ್, ಗಂಗಾಧರ. ನನ್ನ ಪ್ರೆಸ್ಸನ್ನ ಯಾರಿಗೂ ಕೊಡ್ಬ್ಯಾಡಿ ಸಾರ್. ಎಡಗಡೆ ಗುಂಡಿಗೆ ರಬ್ಬರ್ ಸಿಗಿಸಿದೀನಿ. ನಂದೇ ತಪ್ಪು."

ಆ ಕಡೆಯ ಸೂಪರ್‌ವೈಸರ್ ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. "ಅದೇನ್ ಹೊಸದೇನಯ್ಯಾ? ಎಲ್ಲಾ ಪ್ರೆಸ್ಸಿಗೂ ಹಂಗೇ ಐತೆ. ಇಲ್ದಿದ್ರೆ ಟಾರ್ಗೆಟ್ ಆಯ್ತದಾ? ನೀನು ಬರ್ತೀಯೋ ಇಲ್ವೋ, ಅಷ್ಟು ಹೇಳು."

ಗಂಗಾಧರ ಬರುವುದಿಲ್ಲ ಎಂದ.

ಸೋಮವಾರ ಇಲ್ಲಿಯ ಡಾಕ್ಟರಿಗೆ ತೋರಿಸಿದರು. ಅವರು ಸ್ಕ್ಯಾನ್ ಮಾಡಿಸಿ ಬೆಂಗಳೂರಿಗೆ ಕಳಿಸಿದರು. ಕತ್ತಿನ ಮೂಳೆಗಳ ನಡುವಿನ ಡಿಸ್ಕ್ ಸರಿದು ಬೆನ್ನುಹುರಿಯನ್ನು ಒತ್ತುತ್ತಿತ್ತು. ಅವನಿಗೆ ಕತ್ತು ನೋವೇ ಇರಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಚಪ್ಪಲಿ, ಲೋಟ, ಅಂಗಿ ಗುಂಡಿ ಎಲ್ಲವೂ ಒಂದೇ ಕಾಯಿಲೆ. ಆಪರೇಷನ್ ಆಯಿತು. ಇನ್ನು ಮುಂದೆ ಹೆಚ್ಚಾಗದಂತೆ ತಡೆದಿದ್ದೇವೆ, ಹೋದದ್ದು ಪೂರ್ತಿ ಬರುತ್ತದೆ ಎಂದು ಹೇಳಲಾರೆವು ಎಂದರಂತೆ. ಈಗ ಅವನು ಗುಬ್ಬಿಯ ಒಂದು ಕೊಬ್ಬರಿ ಗೋದಾಮಿನಲ್ಲಿ ಮೇಲ್ವಿಚಾರಣೆ ನೋಡಿಕೊಳ್ಳುತ್ತಾನೆ. ಕೈ ಸುಮಾರಾಗಿದೆ. ಆ ಆಟದ ಮಹಾಪೆಟ್ಟು ಅಪರೂಪಕ್ಕೊಮ್ಮೆ ಬಂದರೆ ಬಂತು.

ಶೆಡ್ಡಿನ ವಿಷಯವನ್ನು ನಾವು ಸುಮ್ಮನೆ ಬಿಡಲಿಲ್ಲ. ಕಾರ್ಖಾನೆಗಳ ತಪಾಸಣೆ ಮಾಡುವ ಅಧಿಕಾರಿಗಳಿಗೆ ಅರ್ಜಿ ಕೊಟ್ಟೆವು. ಅವರು ಹೋಗಿ ನೋಡಿಯೂ ಬಂದರು. ಆ ದಿನ ಯಾವ ಗುಂಡಿಯಲ್ಲೂ ರಬ್ಬರ್ ಇರಲಿಲ್ಲವಂತೆ. ಮಾರನೆಯ ದಿನ ಮತ್ತೆ ಇತ್ತು ಎಂದು ಗಂಗಾಧರನ ಜೊತೆಗಾರನೊಬ್ಬ ಹೇಳಿದ.

ಕೆಲಸ ನನಗೆ ಕಲಿಸಿದ್ದು ಇಷ್ಟು. ಯಂತ್ರವೊಂದು ಒಪ್ಪದೆ ಹಟ ಹಿಡಿದಾಗ ಅದರ ಬಾಯಿ ಮುಚ್ಚಿಸುವ ಮೊದಲು ಅದು ಏನು ಹೇಳುತ್ತಿದೆ ಎಂದು ಕೇಳಬೇಕು. ಒಂದು ಚೂರೂ ಕ್ಷಮಿಸದ ಆ ದರಿದ್ರ ಆಟವನ್ನು ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಆದರೆ ಅವನ ಕೈ ಕೆಟ್ಟಿದೆ ಎಂದು ದಿನವೂ ಹೇಳುತ್ತಿದ್ದದ್ದು ಅದೊಂದೇ. ಕ್ಷಮಿಸಲೇಬಾರದಾಗಿದ್ದ ಇನ್ನೊಂದು ಯಂತ್ರವನ್ನು, ಆ ಪ್ರೆಸ್ಸನ್ನು, ಒಂದು ತುಂಡು ರಬ್ಬರಿನಿಂದ ಒಪ್ಪಿಸಿಬಿಟ್ಟಿದ್ದರು.

ವಸಂತನರಸಾಪುರದಿಂದ ಬರುವ ಕಂಪನಿ ಬಸ್ಸು ನಮ್ಮ ಅಂಗಡಿಯ ಎದುರು ನಿಲ್ಲುತ್ತದೆ. ಇಳಿದವರು ಪಕ್ಕದ ಟೀ ಅಂಗಡಿಗೆ ಬರುತ್ತಾರೆ. ಅವರ ಮುಖ ನೋಡುವ ಮೊದಲು ನಾನು ಲೋಟ ಹಿಡಿದ ಕೈಯ ಬೆರಳುಗಳನ್ನು ಎಣಿಸುತ್ತೇನೆ. ಎಲ್ಲರದ್ದೂ ಐದು ಇರುವುದಿಲ್ಲ.