ಅಂಕಲ್ ಕೇಳುತ್ತಿದ್ದ ರುಚಿ

ಶೇಂಗಾ ಚಟ್ನಿಪುಡಿಯ ವಾಸನೆಗೆ ಬೇರೆಯವರಿಗೆ ಜೋಳದ ರೊಟ್ಟಿ ನೆನಪಾದರೆ ನನಗೆ ಬಿಯರ್ ನೆನಪಾಗುತ್ತದೆ. ಮೊನ್ನೆ ಹೆಂಡತಿ ಹೊಸ ಪೊಟ್ಟಣ ಒಡೆದಾಗ ಇದನ್ನು ಹೇಳಿದೆ. ಊರಿಗೇ ಒಂದು ದಾರಿಯಾದರೆ ಈ ಎಡವಟ್ಟನಿಗೇ ಒಂದು ದಾರಿ ಎಂದು ನಕ್ಕಳು. ಅವಳು ಅಂಕಲ್ ಅವರನ್ನು ನೋಡಿದವಳಲ್ಲ...

ನಾನು ಲಾಸ್ ಏಂಜಲೀಸ್ ಪಕ್ಕದ ಲಾಂಗ್ ಬೀಚಿಗೆ ಬಂದದ್ದು ಎರಡು ಸಾವಿರದ ಎರಡರಲ್ಲಿ. ಅಂಕಲ್ ಅದೇ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವರು, ಹುಬ್ಬಳ್ಳಿ ಕಡೆಯವರು, ಸ್ಯಾನ್ ಪೀಡ್ರೊ ಬಂದರಿನಲ್ಲಿ ಇಂಜಿನಿಯರ್. ಆಂಟಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮೊದಲು ಇಂಗ್ಲೆಂಡಿನಲ್ಲಿದ್ದಾಗ ಅಂಕಲ್ ಅಲ್ಲಿನ ಹಳೇ ಪಬ್ಬುಗಳ ಏಲ್ ಎಂಬ ಬಿಯರಿಗೆ ಮನಸೋತಿದ್ದರು. ಆಗ ಆಂಟಿ ಒಂದೇ ಮಾತು ತೆಗೆದುಕೊಂಡಿದ್ದರಂತೆ: ಕುಡಿಯುವುದಾದರೆ ಕುಡಿಯಿರಿ, ಮಾಂಸ ಮೀನು ಮಾತ್ರ ಬಾಯಿಗೆ ಹೋಗಕೂಡದು. ತತ್ತಿ ಹಾಕಿದ ಕೇಕನ್ನೂ ಮುಟ್ಟದೆ ಆ ಮಾತನ್ನು ಉಳಿಸಿಕೊಂಡಿದ್ದೇನೆಂಬ ಹೆಮ್ಮೆ ಅವರಿಗಿತ್ತು.

ಅವರಿಗೆ ಬೇಕಾದದ್ದು ಪೀಪಾಯಿಯಲ್ಲೇ ಹದವಾಗಿ, ಕೈಪಂಪಿನಿಂದ ಎಳೆದು ಕೊಡುವ ಬಿಯರ್. ಐಸಿನಂತೆ ತಣ್ಣಗಿರುವುದನ್ನು ಅವರು ಬಿಯರ್ ಎಂದೇ ಕರೆಯುತ್ತಿರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಅದು ಸಿಗುವ ಪಬ್ಬುಗಳು ಬೆರಳೆಣಿಕೆಯಷ್ಟು. ಒಂದೊಂದು ಶನಿವಾರ ಸ್ಯಾನ್ ಡಿಯೇಗೊವರೆಗೂ ಹೋಗುತ್ತಿದ್ದೆವು. ಕುಡಿದು ಕಾರು ಮುಟ್ಟಬಾರದೆಂಬ ಅವರ ಕಟ್ಟುನಿಟ್ಟಿನಿಂದಾಗಿ ಪ್ರಯಾಣ ಟ್ರೈನಿನಲ್ಲೇ. ದಪ್ಪ ದಪ್ಪ ಆಲೂಗಡ್ಡೆ ಚಿಪ್ಸ್ ಬಂದ ಕೂಡಲೇ ಅಂಕಲ್ ಜೇಬಿನಿಂದ ಚಟ್ನಿಪುಡಿ ತೆಗೆದು ಧಾರಾಳವಾಗಿ ಉದುರಿಸುವರು. ಅಕ್ಕಪಕ್ಕದವರು ಕತ್ತು ಹೊರಳಿಸಿ ನೋಡುವರು.

ಒಂದು ಮಧ್ಯಾಹ್ನ ಸ್ಯಾನ್ ಡಿಯೇಗೊದಲ್ಲಿ ಏಲ್ ಎಂದಿಗಿಂತ ತಿಳಿಯಾಗಿತ್ತು. ಅಂಕಲ್ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಖುಷಿ ತಾಳಲಾರದೆ, ಇದು ಹೇಗೆ ಎಂದು ಕೌಂಟರಿನ ಹೆಂಗಸನ್ನು ಕೇಳಿದರು. ಆಕೆ ಅಷ್ಟೇ ಹೆಮ್ಮೆಯಿಂದ ಹೇಳಿದಳು: ಒಣಗಿಸಿದ ಮೀನಿನ ಗಾಳಿಚೀಲ ಹಾಕಿದರೆ ಗಷ್ಟು ಕೆಳಗಿಳಿಯುತ್ತದೆ, ಇಂಗ್ಲೆಂಡಿನಲ್ಲೂ ಹಿಂದಿನಿಂದ ಹೀಗೇ ಮಾಡುತ್ತಾರೆ.

ಅರ್ಧ ಗ್ಲಾಸ್ ಹಾಗೇ ಉಳಿಯಿತು. ಟ್ರೈನಿನಲ್ಲಿ ಅಂಕಲ್ ಸಮುದ್ರ ನೋಡುತ್ತಾ ಕೂತರು. ನಾನೋ ಮೀನು ತಿನ್ನುವವನು. ಎಲ್ಲರೂ ಹಾಕುವುದಿಲ್ಲ, ಇನ್ನು ಮೇಲೆ ಕೇಳಿಕೊಂಡು ಕುಡಿದರಾಯಿತು ಎಂದೆ.

“ಕೇಳ್ಕೋತ ಕುಡಿಯೂದು ಕುಡಿಯೂದಲ್ಲೋ ತಮ್ಮಾ,” ಎಂದರು. ಇಳಿಯುವ ಸ್ಟೇಷನ್ ಹತ್ತಿರ ಬಂದಾಗ, “ಅಕಿ ಹೋಗೂ ಮುಂದನೂ ನಾ ಮಾತು ಉಳಿಸೀನಿ ಅಂತನ ತಿಳಕೊಂಡಿದ್ಲು,” ಎಂದರು.

ಪಬ್ಬಿನ ಕತೆ ಮುಗಿಯಿತು ಎಂದುಕೊಂಡೆ. ಮುಂದಿನ ಶನಿವಾರ ಅಂಕಲ್ ಕಾರಿನ ಕೀ ಹಿಡಿದು ಬಾಗಿಲು ತಟ್ಟಿದರು. ಇನ್ನು ಟ್ರೈನ್ ಬೇಡ, ಡ್ರೈವ್ ಮಾಡುವವನು ಕುಡಿಯುವುದಿಲ್ಲವಲ್ಲ ಎಂದರು. ತಮಗೆ ಲೈಮ್ ಸೋಡಾ, ನನಗೆ ಏಲ್ ಹೇಳಿ ಎದುರಿಗೆ ಕೂತು, ಒಂದು ಗುಟುಕು ಇಳಿಯುವವರೆಗೆ ಕಾದರು.

“ಹೆಂಗೈತಿ?”

“ಚೆನ್ನಾಗಿದೆ ಅಂಕಲ್.”

“ಮದುವಿ ಊಟಕ್ಕ ಅನ್ನು ಚೆನ್ನಾಗೈತಿ ಅಂತ. ರುಚಿ ಹೇಳು.”

ಹೀಗೆ ನಾನು ರುಚಿ ನೋಡಿ ಕುಡಿಯುವುದನ್ನು ಕಲಿತೆ. ಹುರಿದ ಗೋಧಿಯ ವಾಸನೆ, ನಾಲಿಗೆಯ ತುದಿಗೆ ಹಳೇ ಬೆಲ್ಲ, ಕೊನೆಗೆ ಮೆಂತ್ಯದ ಕಹಿ... ನಾನು ಹೇಳುತ್ತಿದ್ದರೆ ಅಂಕಲ್ ಕಣ್ಣು ಮುಚ್ಚಿ ಕೇಳುವರು. ಅವರ ಗಂಟಲು ಒಮ್ಮೆ ಮೇಲಕ್ಕೆ ಹೋಗಿ ಕೆಳಗಿಳಿಯುವುದು. ನಾನು ಬಾಯಿಗೆ ಬಂದದ್ದು ಹೇಳಿದರೆ ಗೊತ್ತಾಗಿಬಿಡುತ್ತಿತ್ತು. ಇನ್ನೊಂದು ಗುಟುಕು ಕುಡಿ ಎನ್ನುವರು.

ಎರಡು ಸಾವಿರದ ಏಳರಲ್ಲಿ ಅವರು ವುಡ್‌ಲ್ಯಾಂಡ್ ಹಿಲ್ಸ್‌ನ ಮಗಳ ಮನೆಗೆ ಹೋದರು. ಮರುವರ್ಷ ಅಲ್ಲೇ ತೀರಿಕೊಂಡರು.

ಹೋದ ತಿಂಗಳು ಕೆಲಸದ ಮೇಲೆ ಸ್ಯಾನ್ ಡಿಯೇಗೊಗೆ ಹೋಗಿದ್ದೆ. ಆ ಪಬ್ಬು ಇನ್ನೂ ಇದೆ. ಮೊದಲ ಗುಟುಕು ಇಳಿಯುತ್ತಲೇ, “ಬೆಲ್ಲದ ಪಾಕ ಸ್ವಲ್ಪ ಸೀದಿದೆ ಅಂಕಲ್,” ಎಂದು ಬಾಯಿಬಿಟ್ಟೇ ಹೇಳಿದೆ. ಅವರು ಬೇಕೆನ್ನಿಸಿತು, ತುಂಬಾ ಬೇಕೆನ್ನಿಸಿತು. ಪಕ್ಕದ ಮೇಜಿನ ಹುಡುಗಿ ಬಂದು, ಎದುರಿನ ಕುರ್ಚಿಗೆ ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದಳು. ಇಲ್ಲ, ತೆಗೆದುಕೊಂಡು ಹೋಗಿ ಎಂದೆ.