ಸರ್ ಮೈಕ್ ಹಿಡಿದ ದಿನ

ನಮ್ಮ ಸರ್ ಕಲ್ಲಿನ ಚೂರನ್ನು ನಾಲಿಗೆಯಿಂದ ಒದ್ದೆ ಮಾಡಿ, ಕೊರಳಿಗೆ ನೇತುಹಾಕಿದ್ದ ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಒದ್ದೆಯಾದರೆ ಕಣಗಳು ಎದ್ದು ಕಾಣುತ್ತವೆ. ಕೈಯಲ್ಲಿ ನೀರಿನ ಬಾಟಲಿ ಇದ್ದರೂ ಆ ಅಭ್ಯಾಸ ಬಿಡಲಿಲ್ಲ. ಭೂವಿಜ್ಞಾನದಲ್ಲಿ ಅವರ ಕೈಕೆಳಗೆ ನಾನು ಸಂಶೋಧನೆ ಮಾಡುತ್ತಿದ್ದೆ. ನನ್ನ ಬರಹದಲ್ಲಿ 'ಖಂಡಿತ' ಎಂದಿದ್ದರೆ ಹೊಡೆದುಹಾಕಿ, "ಭೂಮಿ ನಿನಗ ಬರಕೊಟ್ಟೈತೇನವ್ವ?" ಎನ್ನುತ್ತಿದ್ದರು.

ಆ ಚಳಿಗಾಲ ಬಸವನ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯಲ್ಲಿ ನೆಲದೊಳಗೆ ಗುಡುಗಿದಂತೆ ಸದ್ದಾಗಿ ಪಾತ್ರೆಗಳು ಅಲುಗಿದವು. ದೊಡ್ಡ ಭೂಕಂಪ ಆಗಬಹುದೇ ಎಂದು ಟಿವಿ ವರದಿಗಾರ ಕೇಳಿದ. ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗದು ಎಂದರು ಸರ್. ನಮ್ಮ ಭೂವಿಜ್ಞಾನಿಗಳ ನಡುವೆ ಅದು ಯಾರೂ ತಪ್ಪು ಹಿಡಿಯಲಾಗದ ಮಾತು. ಪರದೆಯ ಮೇಲೆ ಕೆಂಪಕ್ಷರದಲ್ಲಿ ಅದು ಇಡೀ ದಿನ ಓಡಿತು.

ಮರುದಿನ ನಾವು ಹೋದಾಗ ಊರಿಗೆ ಊರೇ ಹೆದರಿ ಮನೆ ಬಿಟ್ಟು ಹೊಲದಲ್ಲಿತ್ತು. ಹಸಿ ಬಾಣಂತಿಯೊಬ್ಬಳು ತಾಡಪಾಲಿನ ಕೆಳಗೆ ಮಲಗಿದ್ದಳು. ಥಂಡಿಗೆ ಕೂಸಿನ ಎದೆ ಗೊರಗೊರ ಎನ್ನುತ್ತಿತ್ತು. ಟಿವಿಯಲ್ಲಿ ನೋಡಿದ್ದ ಅವಳ ಅತ್ತೆ ಸರ್ ಅವರ ಗುರುತು ಹಿಡಿದಳು.

"ಬರ್ರಿ, ಭೂಕಂಪದ ಸಾಹೇಬ್ರ. ಇದು ನಿಮ್ಮ ಮೊಮ್ಮಗಾ ಆಗಿದ್ರ ಎಲ್ಲಿ ಮಲಗಸ್ತಿದ್ರಿ?"

ಇಂಥ ಪ್ರಶ್ನೆಯನ್ನು ವರದಿಗಾರ ಕೇಳಿರಲಿಲ್ಲ. ಸರ್ ಅವಳ ಮನೆಗೆ ಹೋಗಿ ಗೋಡೆ ತಟ್ಟಿ, ತೊಲೆ ನೋಡಿ ಬಂದರು.

"ಭೂಮಿ ಮತ್ತ ನಡಗತೈತೋ ಇಲ್ಲೋ ನನಗ ಗೊತ್ತಿಲ್ಲವ್ವ, ಯಾರಿಗೂ ಗೊತ್ತಾಗೂದಿಲ್ಲ. ಮಣ್ಣಿನ ಮಾಳಿಗಿ ಕೆಳಗ ಬ್ಯಾಡ, ಆ ಗ್ವಾಡಿ ಉಬ್ಬೈತಿ. ಮುಂದಿನ ತಗಡಿನ ಪಡಸಾಲಿಯೊಳಗ ಮಲಗಸ್ತಿದ್ನಿ."

"ಇಷ್ಟ ಮಾತು ಟೀವಿಯೊಳಗ ಹೇಳಾಕ ಏನಾಗಿತ್ರಿ ನಿಮಗ?"

ತಪ್ಪು ವರದಿಗಾರನದು ಎಂದುಬಿಡಿ ಎಂದು ನಾನು ಮೆಲ್ಲಗೆ ಹೇಳಿದೆ. "ಅಂವಾ ನಾ ಅಂದದ್ದನ್ನ ಹಾಕ್ಯಾನ" ಎಂದು ಸರ್ ಗುಡಿಯ ಮೈಕ್ ಕೇಳಿ ಪಡೆದರು. ತಮಗೆ ಏನು ಗೊತ್ತು, ಏನು ಗೊತ್ತಿಲ್ಲ, ಎಂಥ ಗೋಡೆಯ ಹತ್ತಿರ ಮಲಗಬಾರದು ಎಂದು ಬಿಡಿಸಿ ಹೇಳಿದರು. ಆಮೇಲೆ ಕೈಮುಗಿದು ಮಾಫಿ ಕೇಳಿದರು. ಹುಡುಗರು ಮೊಬೈಲ್ ಎತ್ತಿ ಹಿಡಿದಿದ್ದರು. ನನ್ನ ಗುರುಗಳು ಹಾಗೆ ನಿಂತದ್ದನ್ನು ನೋಡಲಾರದೆ, ಆ ಚಿತ್ರದಲ್ಲಿ ನಾನೂ ಸಿಗಬಾರದೆಂದು, ಜೀಪಿನ ಮರೆಗೆ ಸರಿದೆ.

ಹೊತ್ತು ಮುಳುಗುವವರೆಗೆ ಜನ ಅವರನ್ನು ಮನೆಮನೆಗೆ ಕರೆದೊಯ್ದು ಗೋಡೆ ತೋರಿಸಿದರು. ಬಾಣಂತಿಯ ಹೊರಸು ಪಡಸಾಲೆಗೆ ಬಂತು.

ಊರು ಬಿಟ್ಟು ಜೀಪಿನಲ್ಲಿ ಮುದ್ದೇಬಿಹಾಳದ ದಾರಿ ಹಿಡಿದಾಗ ಸರ್ ಕೇಳಿದರು: "ನಿನಗ ನಾಚಿಕಿ ಬಂತೇನವ್ವ?"

"ಇಲ್ರಿ ಸರ್" ಎಂದೆ. ಅವರು ಕಿಟಕಿಯ ಕಡೆ ತಿರುಗಿದರು.

ಮುಂದಿನ ಮಳೆಗಾಲದಲ್ಲಿ ಸರ್ ತೀರಿಕೊಂಡರು. ಆ ಉತ್ತರವನ್ನು ತಿದ್ದಲು ನನಗೆ ಆಗಲಿಲ್ಲ. ಇಂಡಿ, ಸಿಂದಗಿಯ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನ ಬಗ್ಗೆ ಮಾತಾಡಲು ಈಗ ನನ್ನನ್ನು ಕರೆಯುತ್ತಾರೆ. ಹೋಗುವ ಮೊದಲು ಆ ಹುಡುಗರು ತೆಗೆದ ವಿಡಿಯೊ ನೋಡುತ್ತೇನೆ. ಅದರಲ್ಲಿ ಸರ್ ಒಬ್ಬರೇ ನಿಂತಿದ್ದಾರೆ.